ಎಡೆಗಿಟ್ಟ ಬಾವುಟ

ಮಾದಮ್ಮನ ಅಪ್ಪನ ಬಟ್ಟೆಯನ್ನು ನಂಜನಗೂಡಿನ ಸಿದ್ದಮಲ್ಲಪ್ಪನವರು ಫೋಟೋ ತೆಗೆಸಿ ವಾಪಸು ಕೊಡುತ್ತೇನೆಂದು ಹೇಳಿ ತೆಗೆದುಕೊಂಡು ಹೋದರು. ವಾಪಸು ಕೊಡಲಿಲ್ಲ.

ಮಾದಮ್ಮನಿಗೆ ಅಪ್ಪ ಎಂದರೆ ಆ ಬಟ್ಟೆಯೇ. ಅವಳು ತಾಯಿಯ ಹೊಟ್ಟೆಯಲ್ಲಿದ್ದಾಗ ಅವಳ ಅಪ್ಪ ಚಲುವಯ್ಯ ತಿ. ನರಸೀಪುರದ ಸಂತೆಗೆ ಹೋದವನು, ಅಲ್ಲಿಂದಲೇ ಬ್ರಿಟಿಷರ ಪಟಾಲಮ್ಮಿಗೆ ಸೇರಿ ಬರ್ಮಾಕ್ಕೆ ಹೊರಟುಹೋದ. ಬಂದೂಕು ಕೊಟ್ಟಿದ್ದರೆ ಅವನ ಹೆಸರು ಯಾವುದಾದರೂ ಕಲ್ಲಿನ ಮೇಲೆ ಇರುತ್ತಿತ್ತೋ ಏನೋ. ಕೊಟ್ಟಿದ್ದು ಗುದ್ದಲಿ. ರಸ್ತೆ ಕಡಿ, ಮೂಟೆ ಹೊರು, ಸತ್ತವರನ್ನು ಎಳೆದು ಗುಂಡಿಗೆ ಹಾಕು. ಊರಿನಲ್ಲಿ ಸತ್ತ ದನ ಎಳೆಯುತ್ತಿದ್ದವನಿಗೆ ಸಮುದ್ರ ದಾಟಿದರೂ ಎಳೆಯುವ ಕೆಲಸ ತಪ್ಪಲಿಲ್ಲ. ಅವನು ಹಡಗು ಹತ್ತುವಾಗ ಜಾತಿಯೂ ಟಿಕೀಟಿಲ್ಲದೆ ಅವನ ಹಿಂದೆಯೇ ಹತ್ತಿಕೊಂಡಿತ್ತು.

ಯುದ್ಧ ಮುಗಿದ ಮೇಲೆ, ಜೊತೆಗೆ ಹೋಗಿದ್ದ ಸೋಸಲೆಯ ಮಹದೇವಯ್ಯ ಒಬ್ಬನೇ ಬಂದ. ಬಾಗಿಲಲ್ಲಿ ಕಂಕುಳಲ್ಲಿ ಕೂಸು ಎತ್ತಿಕೊಂಡು ನಿಂತಿದ್ದ ಮಾದಮ್ಮನ ತಾಯಿಯನ್ನು ಕಂಡು ತಲೆ ತಗ್ಗಿಸಿದನಂತೆ. ಆಮೇಲೆ ತಗಡಿನ ಟ್ರಂಕು ತೆಗೆದು ಒಂದು ಬಟ್ಟೆ ಕೊಟ್ಟ. ಬಿಳಿ ರೇಷ್ಮೆ, ನಡುವೆ ದುಂಡನೆಯ ಕೆಂಪು, ಸುತ್ತ ಕಪ್ಪು ಮಸಿಯ ಬರಹ. "ಚಲುವಂದು ಕಣವ್ವ. ಸೊಂಟುಕ್ಕೆ ಕಟ್ಕೊಂಡಿದ್ದ" ಎಂದ. ಬರಹದ ನಡುವೆ ದಪ್ಪಗೆ ಎದ್ದು ಕಾಣುತ್ತಿದ್ದ ಎರಡು ಗುರುತು ತೋರಿಸಿ, "ಇದೇ ಅವನ ಎಸ್ರು. ಮಿಲಿಟ್ರಿ ಬಾಸೇಲಿ ಬರದವ್ರೆ" ಎಂದ. ಅವಳ ಹಣೆಯ ಕುಂಕುಮ ಅಳಿಸಿದ ವಾರವೇ ಅಷ್ಟಗಲದ ಕುಂಕುಮ ಹೀಗೆ ಮನೆಗೆ ಬಂತು.

ಅಲ್ಲಿಂದ ಆ ಬಟ್ಟೆಗೆ ಎಡೆ ಶುರುವಾಯಿತು. ಮಹಾಲಯ ಅಮಾವಾಸ್ಯೆ ಬಂತೆಂದರೆ ಮನೆ ಸಾರಿಸಿ, ಬಟ್ಟೆಯನ್ನು ಮಣೆಯ ಮೇಲೆ ಹರಡಿ ಅರಿಶಿನ ಹಚ್ಚಿ, ಮುಂದೆ ಬಾಳೆ ಎಲೆ ಹಾಕುವರು. ಉದ್ದಿನ ವಡೆ, ಮುದ್ದೆ, ಒಣಮೀನಿನ ಸಾರು, ಒಂದು ಕಟ್ಟು ಬೀಡಿ, ಸಣ್ಣ ಲೋಟದಲ್ಲಿ ಸಾರಾಯಿ. ಬಡಿಸಿಯಾದ ಮೇಲೆ ಬಾಗಿಲು ಎಳೆದುಕೊಂಡು ಮನೆಮಂದಿಯೆಲ್ಲ ಜಗಲಿಯಲ್ಲಿ ಕೂರಬೇಕು. ಸತ್ತವರು ಸಂಕೋಚವಿಲ್ಲದೆ ಉಂಡು ಹೋಗಲಿ ಅಂತ. ತಾಯಿ ತೀರಿಕೊಂಡ ಮೇಲೆ ಮಾದಮ್ಮನೇ ಇದನ್ನು ನಡೆಸಿಕೊಂಡು ಬಂದಳು. ಬಾಗಿಲು ತೆಗೆದು ಒಳಗೆ ಹೋದವಳು ಆ ಎರಡು ಗುರುತಿನ ಮೇಲೆ ಬೆರಳಿಟ್ಟು, "ಒಟ್ಟೆ ತುಂಬ್ತೇನಪ್ಪ?" ಎಂದು ಕೇಳುತ್ತಿದ್ದಳು. ಕೇಳಿದ ಮೇಲೆಯೇ ಮಕ್ಕಳಿಗೆ ಊಟ.

ಮಗ ಗುರು ಬೌದ್ಧನಾದಾಗ ಮನೆಯ ಗೂಡಿನ ದೇವರೆಲ್ಲ ಹೊಳೆಗೆ ಹೋದವು. ಈ ಬಟ್ಟೆಯ ಸರದಿ ಬಂದಾಗ ಮಾದಮ್ಮ ಅಡ್ಡ ನಿಂತಳು. "ದೇವ್ರುಗೋಳ್ನ ಬುಡು ಅಂದೆ, ಬುಟ್ಟೆ. ಅಪ್ಪನ್ನೂ ಬುಡು ಅಂದ್ರೆ ಎಂಗ್ಲಾ?" ಆ ವರ್ಷ ಅವನೂ ಜಗಲಿಯಲ್ಲಿ ಕೂತ. ಗುರು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಮಾದಮ್ಮ, ತಿ. ನರಸೀಪುರದ ಡಿಪೋದಲ್ಲಿ ಬಸ್ ಕಂಡಕ್ಟರಾಗಿರುವ ಅವನ ಮಗಳು ಇಂದ್ರಾಣಿ, ಈ ಬಟ್ಟೆ.

ಒಂದು ಅಮಾವಾಸ್ಯೆಯಂದು ಇಂದ್ರಾಣಿ ಎಡೆಯ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಳು. ಅದು ಕೈಯಿಂದ ಕೈಗೆ ಹೋಗಿ ಸಿದ್ದಮಲ್ಲಪ್ಪನವರನ್ನು ಮುಟ್ಟಿತು. ಅವರದು ಅಕ್ಕಿ ಗಿರಣಿ. ಅವರ ತಂದೆ ಆ ಯುದ್ಧದ ಕಾಲದಲ್ಲೇ ಪಟಾಲಮ್ಮಿಗೆ ಅಕ್ಕಿ ಮಾರಿ ಗಿರಣಿ ಕಟ್ಟಿದವರು. ಒಂದೇ ಯುದ್ಧ, ಒಂದು ಮನೆಗೆ ಗಿರಣಿ ಬಂತು, ಇನ್ನೊಂದು ಮನೆಗೆ ಬಟ್ಟೆ ಬಂತು. ಕೊನೆಗೆ ಆ ಬಟ್ಟೆಯೂ ಗಿರಣಿ ಮನೆಗೇ ಹೋಯಿತು.

ಸಿದ್ದಮಲ್ಲಪ್ಪನವರಿಗೆ ಜಪಾನಿ ಸಿಪಾಯಿಗಳ ಸಾಮಾನು ಕೂಡಿಸುವ ಹುಚ್ಚು. ಕತ್ತಿ, ಕಬ್ಬಿಣದ ಟೋಪಿ, ನೀರಿನ ಬಾಟಲಿ, ಎದೆಯ ಬಿಲ್ಲೆ. ಇಂಫಾಲ, ಕೊಹಿಮಾ ಕಡೆಯ ಏಜೆಂಟರಿಂದ ತರಿಸುತ್ತಾರೆ, ಮೊಬೈಲಿನಲ್ಲಿ ಹರಾಜು ಕೂಗುತ್ತಾರೆ. ಬಟ್ಟೆ ಒಯ್ದ ಮೇಲೆ ಇಂದ್ರಾಣಿ ಫೋನು ಮಾಡಿದಾಗಲೆಲ್ಲ ಬೀರುವಿನ ಬೀಗದ ಕೈ ಮಗನ ಹತ್ತಿರ ಇರುತ್ತಿತ್ತು, ಮಗ ಊರಲ್ಲಿ ಇರುತ್ತಿರಲಿಲ್ಲ. ಬಟ್ಟೆಯಿಲ್ಲದ ಅಮಾವಾಸ್ಯೆಯಲ್ಲಿ ಮಾದಮ್ಮ ಎಲೆಯನ್ನೇ ಹಾಕಲಿಲ್ಲ. ಯಾರ ಮುಂದೆ ಹಾಕುವುದು?

ಈ ಸಲ ಅಮಾವಾಸ್ಯೆ ಹತ್ತಿರ ಬಂದಾಗ ಅವರೇ ಫೋನು ಮಾಡಿದರು. ಇಂತಹ ಬಾವುಟಗಳನ್ನು ಸತ್ತವರ ಮನೆಗೆ ಮುಟ್ಟಿಸುವ ಒಂದು ಸಂಘ ಜಪಾನಿನಲ್ಲಿದೆ, ಸಂಘದವರು ಬರಹ ಓದಿ ಮನೆ ಹುಡುಕಿದ್ದಾರೆ, ಆ ಮನೆಯ ಹೆಂಗಸು ನಂಜನಗೂಡಿಗೇ ಬರುತ್ತಿದ್ದಾರೆ, ಕಲ್ಯಾಣ ಮಂಟಪದಲ್ಲಿ ಕಾರ್ಯಕ್ರಮ, ಅಜ್ಜಿ ಬರಲೇಬೇಕು.

"ಬಟ್ಟೆ ಕೊಡ್ತಾರಂತಾ?" ಮಾದಮ್ಮ ಕೇಳಿದಳು.

"ಕೊಡ್ತಾರಂತೆ. ನಮಗಲ್ಲ."

"ನಮ್ಮಪ್ಪನ ಬಟ್ಟೇನ ಇನ್ಯಾರ್ಗೆ ಕೊಡ್ತಾರಂತೆ?"

ಇಂದ್ರಾಣಿ ತಿಳಿದಷ್ಟು ಹೇಳಿದಳು. ಅದು ಜಪಾನಿನವರ ಬಾವುಟ. ಯುದ್ಧಕ್ಕೆ ಹೊರಟ ಹುಡುಗನಿಗೆ ಊರಿನವರು ಸಹಿ ಹಾಕಿ ಕೊಡುತ್ತಿದ್ದದ್ದು. ಮಾದಮ್ಮ ಕೇಳಿಸಿಕೊಂಡಳು, ಒಪ್ಪಲಿಲ್ಲ. "ಯಾವನೋ ಏನೋ ಓದವ್ನೆ ಬುಡು. ಅದ್ರ ಮ್ಯಾಲೆ ನಮ್ಮಪ್ಪನ ಎಸ್ರದೆ. ತೋರುಸ್ತೀನಿ ನಡಿ. ಇಸ್ಕೊಂಡೇ ಬರಾದು."

ಸುತ್ತೂರಿನ ಮೇಲೆ ಹೋಗುವ ಬಸ್ಸು. ಮೊಮ್ಮಗಳ ಜೊತೆ ಕೆಲಸ ಮಾಡುವ ಕಂಡಕ್ಟರ್ ಚಿಕ್ಕಸ್ವಾಮಿ, "ಏನಜ್ಜಿ, ಜಪಾನ್‌ಗಾ?" ಎಂದು ಕಿಚಾಯಿಸಿದ.

"ಊ ಕಣ್ಲಾ. ಟಿಕೀಟು ಕೊಡು, ಮೂತಿ ನೋಡ್ಬೇಡ" ಎಂದಳು ಮಾದಮ್ಮ.

ಸಿದ್ದಮಲ್ಲಪ್ಪನವರ ಮನೆಯ ಮಹಡಿಯ ಮೇಲೆ ದೊಡ್ಡ ಕೋಣೆ. ಗಾಜಿನ ಕಪಾಟುಗಳಲ್ಲಿ ಕೆಂಪು ಮಖಮಲ್ಲು, ಅದರ ಮೇಲೆ ಟೋಪಿಗಳು. ಒಂದಕ್ಕೆ ಹಣೆಯ ಕಡೆ ತೂತಿತ್ತು. ಬೆಳಗಿನ ಕಾಫಿಯ ಹೊತ್ತು. ಬೇರೆಯವರಿಗೆಲ್ಲ ಪಿಂಗಾಣಿ ಕಪ್ಪು, ಮಾದಮ್ಮನಿಗೂ ಇಂದ್ರಾಣಿಗೂ ಕಾಗದದ ಲೋಟ. ಸತ್ತ ಶತ್ರುವಿನ ಟೋಪಿಗೆ ಮಖಮಲ್ಲು ಹಾಸಿದ ಮನೆಯಲ್ಲಿ ಬದುಕಿರುವ ನೆರೆಯವರಿಗೆ ಎಸೆಯುವ ಲೋಟ. ಇಂದ್ರಾಣಿ ಕಾಫಿಯನ್ನು ಮುಟ್ಟದೆ ಕಿಟಕಿಯ ಮೇಲಿಟ್ಟಳು.

ಜಪಾನಿನ ಹೆಂಗಸು ಆಗಲೇ ಬಂದಿದ್ದರು. ಹಿಸಾಯೊ ಅಂತ ಹೆಸರು, ಎಪ್ಪತ್ತು ದಾಟಿದವರು, ಮಾದಮ್ಮನ ಹಾಗೇ ಬೆನ್ನು ಸ್ವಲ್ಪ ಬಾಗಿದವರು. ಜೊತೆಗೆ ಸಿಂಧು, ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಜಪಾನಿ ಮಾತನ್ನು ಕನ್ನಡಕ್ಕೆ ತಿರುಗಿಸುವ ಹುಡುಗಿ. ಹಿಸಾಯೊ ಒಂದೊಂದು ಕಪಾಟಿನ ಮುಂದೂ ನಿಂತು ತಲೆ ಬಾಗಿಸುತ್ತಿದ್ದರು. ಸಾಹುಕಾರರಿಗೆ ಅದು ಹೊಗಳಿಕೆಯಂತೆ ಕಂಡು, "ಒರಿಜಿನಲ್ಲು, ಎಲ್ಲಾ ಒರಿಜಿನಲ್ಲು" ಎನ್ನುತ್ತ ಹಿಂದೆಯೇ ನಡೆಯುತ್ತಿದ್ದರು.

ಒಂದು ನೀರಿನ ಬಾಟಲಿಯ ಮುಂದೆ ಆ ಹೆಂಗಸು ತಡೆದು ಏನೋ ಕೇಳಿದರು.

"ಇದರ ಮೇಲೂ ಒಂದು ಹೆಸರು ಕೆರೆದಿದೆಯಂತೆ ಸರ್," ಸಿಂಧು ಹೇಳಿದಳು. "ಇದನ್ನೂ ಅವರ ಮನೆಗೆ ಕಳಿಸ್ತೀರಾ ಅಂತ ಕೇಳ್ತಿದ್ದಾರೆ."

"ಅಯ್ಯೋ, ಅದು ಕಲೆಕ್ಷನ್ ಪೀಸಮ್ಮ. ಎಲ್ಲಾ ಕೊಟ್ಬುಟ್ರೆ ನಾನೇನು ಗೋಡೆ ನೋಡ್ಕೊಂಡು ಕೂತ್ಕೊಳ್ಳಾ?" ನಕ್ಕರು. ಸಿಂಧು ಆ ಮಾತನ್ನು ಎಷ್ಟು ತಿರುಗಿಸಿದಳೋ, ಹಿಸಾಯೊ ನಗಲಿಲ್ಲ.

ಆಮೇಲೆ ಸಾಹುಕಾರರು ಮೇಜಿನ ಮೇಲೆ ಪೆಟ್ಟಿಗೆ ಇಟ್ಟು ಮುಚ್ಚಳ ತೆಗೆದರು. ಮಾದಮ್ಮ ಬಗ್ಗಿ ನೋಡಿದಳು. ಅಪ್ಪನ ಗುರುತು ಹತ್ತಲಿಲ್ಲ. ಬಟ್ಟೆ ಬೆಳ್ಳಗಿತ್ತು. ಅರಿಶಿನವಿಲ್ಲ, ಸಾರಿನ ಕಲೆಯಿಲ್ಲ. ಮೂಸಿದಳು, ಹೊಗೆಯ ವಾಸನೆಯೂ ಇಲ್ಲ.

"ಯಾರ್ದಿದು?"

"ನಿಮ್ದೇ ಕಣವ್ವ! ಮೈಸೂರಿಂದ ಎಕ್ಸ್‌ಪರ್ಟ್ ಕರೆಸಿ ಕ್ಲೀನ್ ಮಾಡ್ಸಿದ್ದೀನಿ. ಏನ್ ಕೊಳೆ, ಏನ್ ಜಿಡ್ಡು! ನಿಮ್ಮನೇಲೇ ಇದ್ದಿದ್ರೆ ಇಷ್ಟೊತ್ತಿಗೆ ಇಲಿ ತಿಂದ್ಬುಟ್ಟಿರೋದು."

ಅವಳ ತಾಯಿ ಹಚ್ಚಿದ ಅರಿಶಿನ, ಅವಳು ಹಚ್ಚಿದ ಅರಿಶಿನ, ಎಲ್ಲಾ ಯಾವುದೋ ಬಚ್ಚಲಿನಲ್ಲಿ ಹರಿದುಹೋಗಿತ್ತು. ಮಾದಮ್ಮನ ಬೆರಳು ತಾನಾಗಿ ಆ ಎರಡು ದಪ್ಪ ಗುರುತನ್ನು ಹುಡುಕಿಕೊಂಡು ಹೋಯಿತು. ಅವು ಅಲ್ಲೇ ಇದ್ದವು. ಅವಳ ಮುಖಕ್ಕೆ ಜೀವ ಬಂತು.

"ತಗಳಿ. ಇದು ಯಾರ ಎಸ್ರು ಅಂತ ಆಯಮ್ಮನ್ನೇ ಕೇಳಿ."

ಹಿಸಾಯೊ ನೋಡಿದರು. ಮಾದಮ್ಮನ ಬೆರಳನ್ನೂ ನೋಡಿದರು. ಬಹಳ ಮೆಲ್ಲಗೆ ಏನೋ ಹೇಳಿದರು.

"ಅಜ್ಜಿ, ಇದು ಹೆಸರಲ್ಲ," ಸಿಂಧು ಅಂದಳು. "ಗೆಲುವು ಅಂತ ಬರೆದಿದೆ."

ಮಾದಮ್ಮನಿಗೆ ಒಂದು ಕಿವಿ ಮಂದ. "ಅದೇ ಕಣವ್ವ ನಾನೂ ಯೋಳಿದ್ದು! ಚಲುವ. ಚಲುವಯ್ಯ. ಕೇಳಿಸ್ತಾ ಇಂದ್ರಾಣಿ? ಆಯಮ್ಮನೇ ಓದುದ್ರು!" ಎಂದು ಎಲ್ಲರ ಮುಖವನ್ನೂ ನೋಡಿ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.

ಯಾರೂ ನಗಲಿಲ್ಲ. ಇಂದ್ರಾಣಿ ಅಜ್ಜಿಯ ಒಳ್ಳೆಯ ಕಿವಿಯ ಕಡೆ ಬಗ್ಗಿದಳು. "ಚಲುವ ಅಲ್ಲ ಕಣಜ್ಜಿ. ಗೆಲುವು. ಗೆದ್ದು ಬಾ ಅಂತ ಆ ಹುಡುಗಂಗೆ ಬರೆದಿರಾದು. ತಾತನ ಎಸ್ರು ಇದ್ರಲ್ಲೆಲ್ಲೂ ಇಲ್ಲ."

ಮಾದಮ್ಮ ಬೆರಳು ಹಿಂದಕ್ಕೆ ತೆಗೆದುಕೊಂಡಳು. ಕುರ್ಚಿ ಕೊಟ್ಟರು, ಕೂರಲಿಲ್ಲ. ನೆಲದ ಮೇಲೆ ಕೂತಳು. ಹಿಸಾಯೊ ಕೂಡ ಅವಳ ಎದುರಿಗೆ ಮಂಡಿಯೂರಿ ಕೂತರು. ಸಾಹುಕಾರರು, "ಛೇ ಛೇ, ಮೇಡಂ, ಮೇಲೆ, ಮೇಲೆ" ಎಂದು ಒದ್ದಾಡಿದರು.

ಬಟ್ಟೆ ಹಿಸಾಯೊ ತಾಯಿಯ ಅಣ್ಣನದು. ಶೋಜಿ ಅಂತ. ಭತ್ತ ಬೆಳೆಯುವ ಊರಿನ ಹುಡುಗ. ಹೊರಟಾಗ ಮೀಸೆ ಸರಿಯಾಗಿ ಮೂಡಿರಲಿಲ್ಲ. ಯುದ್ಧ ಮುಗಿದ ಮೇಲೆ ಸರ್ಕಾರ ಅವನ ಮನೆಗೆ ಒಂದು ಮರದ ಪೆಟ್ಟಿಗೆ ಕಳಿಸಿತು. ಎಲುಬು ಇರಬಹುದೆಂದು ತೆಗೆದರೆ ಒಳಗೆ ಒಂದು ಕಲ್ಲು. ಅವನ ತಾಯಿ ಸಾಯುವ ತನಕ ಆ ಕಲ್ಲಿನ ಮುಂದೆ ಅನ್ನ ಇಡುತ್ತಿದ್ದಳು.

"ಕಲ್ಲಾ?" ಮಾದಮ್ಮ ಕೇಳಿದಳು. "ಎಷ್ಟು ದಪ್ಪ?"

ಹಿಸಾಯೊ ಹೆಬ್ಬೆರಳು ತೋರಿಸಿದರು.

"ನಮ್ಗೆ ಸರ್ಕಾರ ಅದ್ನೂ ಕಳಿಸ್ನಿಲ್ಲ ತಾಯಿ." ಮಾದಮ್ಮ ತನ್ನೊಳಗೇ ಲೆಕ್ಕ ಹಾಕಿದಳು. "ಮಾದೇವಯ್ಯನ ಕೈಲಿ ಕೊಡಾಕೆ ಏನೂ ಇರ್ನಿಲ್ಲ ಅಂತ ಕಾಣ್ತದೆ. ಕಂಕುಳಲ್ಲಿ ಕೂಸು ಎತ್ಕೊಂಡಿರೋಳ್ಗೆ ಬರೀ ಕೈ ಎಂಗೆ ತೋರ್ಸಾನು? ಎಣ ಊಳುವಾಗ ಸಿಕ್ಕಿದ್ದ ಕೊಟ್ಬುಟ್ಟ." ಮಹದೇವಯ್ಯನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಬೇರೇನೋ ನೆನಪಾಗಿ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ, ಮೀಸೆ ಬರ್ದಿರೋ ಉಡುಗಂಗೆ ವರ್ಸಾ ವರ್ಸಾ ಸಾರಾಯಿ ಕುಡ್ಸಿದ್ದೀನಲ್ಲೇ ಇಂದ್ರಾಣಿ! ಬೀಡಿ ಬೇರೆ!"

ಸಿಂಧು ಇದನ್ನು ಹೇಳಿದಾಗ ಹಿಸಾಯೊ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಗುತ್ತಲೇ ಅವರ ಕಣ್ಣು ತುಂಬಿಕೊಂಡವು. ಅವನಿಗಾಗಿ ಇಲ್ಲಿ ಯಾರೋ ಅಡುಗೆ ಮಾಡುತ್ತಿದ್ದರೆಂದು ಅವನ ತಾಯಿಗೆ ತಿಳಿದಿದ್ದರೆ, ಎಂದೇನೋ ಹೇಳಲು ಹೋಗಿ ನಿಲ್ಲಿಸಿದರು.

ಮಾದಮ್ಮನ ಮುಖ ಮಾತ್ರ ಮತ್ತೆ ಬಾಡಿತು.

"ಇಕ್ಕಿದ್ದೆಲ್ಲ ಇವನು ಉಂಡವ್ನೆ. ಉಣ್ಲಿ, ಕೂಸು. ಆದ್ರೆ ನಮ್ಮಪ್ಪಂಗೆ ಯಾರಿಕ್ಕಿದ್ರು? ಒಂದ್ ದಪನೂ ಅವನ ಎಸ್ರಿಡಿದು ಕರೀನಿಲ್ವಲ್ಲ ನಾನು. ಆ ಗುರುತು ಮುಟ್ಟಿ ಗೆಲುವೇ ಬಾ, ಗೆಲುವೇ ಉಣ್ಣು ಅಂದಂಗಾಯ್ತಲ್ಲ. ಅವನು ಅಸ್ಕೊಂಡು ಬಾಗ್ಲಾಚೆ ನಿಂತಿದ್ನೋ ಏನೋ. ನಾವು ಜಗಲೀಲೇ ಕೂತಿದ್ವಿ, ಕಾಣ್ನಿಲ್ಲ."

ಇಂದ್ರಾಣಿ ಅಜ್ಜಿಯ ಕೈ ಹಿಡಿದುಕೊಂಡಳು. ಇದೆಲ್ಲ ಇಲ್ಲ ಅಜ್ಜಿ, ಸತ್ತವರಿಗೆ ಹಸಿವಿಲ್ಲ ಎಂದು ಅಪ್ಪ ಹೇಳುತ್ತಿದ್ದದ್ದು ಅವಳ ನಾಲಗೆಯ ತುದಿಗೆ ಬಂತು.

ಮಾದಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಸಾಹುಕಾರರ ಕಡೆ ತಿರುಗಿದಳು. "ಕೊಡಿ ಸಾವ್ಕಾರ್ರೆ, ಈಯಮ್ಮಂಗೇ ಕೊಡಿ. ಇದು ಅವರ ಉಡುಗನ್ದೇ. ಆದ್ರೆ ಒಂದಿನ ಇದ್ನ ನಮ್ಮಳ್ಳಿಗೆ ಕಳುಸ್ಕೊಡಿ. ಈಯಮ್ಮನೂ ಬರ್ಲಿ. ಎರಡೆಲೆ ಆಕ್ತೀನಿ. ಒಂದು ಇವನ ಎಸ್ರೇಳಿ, ಒಂದು ನಮ್ಮಪ್ಪನ ಎಸ್ರೇಳಿ."

ಹಿಸಾಯೊ ತಲೆಯಾಡಿಸಿ ಬರುತ್ತೇನೆಂದರು.

ಸಿದ್ದಮಲ್ಲಪ್ಪನವರು ಗಡಿಯಾರ ನೋಡಿದರು. "ಆಗಲ್ಲವ್ವ. ಮಂಟಪದಲ್ಲಿ ಜನ ಸೇರವ್ರೆ, ಟೀವಿಯೋರು ಬಂದವ್ರೆ. ಕ್ಲೀನ್ ಮಾಡ್ಸಿರೋ ಐಟಮ್ನ ಮತ್ತೆ ನಿಮ್ ಕೇರಿಗೆ ಕಳ್ಸಿ ಅರಿಶಿನ ಬಳಿಸ್ಲಾ? ಕಾರ್ಯಕ್ರಮ ಮುಗೀತಿದ್ದಂಗೆ ಮೇಡಂ ಕಾರು ಏರ್‌ಪೋರ್ಟಿಗೆ." ಆಮೇಲೆ ದನಿ ತಗ್ಗಿಸಿ ಇಂದ್ರಾಣಿಯನ್ನು ಮೂಲೆಗೆ ಕರೆದರು. "ನೋಡಮ್ಮ, ಒಂದು ಸಣ್ಣ ವಿಚಾರ. ಇಂಥ ವಸ್ತು ಮನೆಯೋರ ಒಪ್ಪಿಗೆಯಿಂದ ಬಂದಿದ್ದಾ ಅಂತ ಆ ಸಂಘದೋರು ಕೇಳ್ತಾರೆ. ನಿಮ್ಮಜ್ಜಿ ಮೈಕಲ್ಲಿ ಒಂದೇ ಒಂದು ಮಾತು ಹೇಳ್ಬೇಕು. 'ಈ ಬಾವುಟನ ನಾನೇ ಸಂತೋಷವಾಗಿ ಸಾವ್ಕಾರ್ರಿಗೆ ಕೊಟ್ಟೆ' ಅಂತ. ಅಷ್ಟೇ."

"ನೀವು ಫೋಟೋ ತೆಗಿಸ್ತೀನಿ ಅಂತ ತಂದ್ರಿ ಸಾರ್."

"ತಂದಿದ್ದಕ್ಕೇ ಅಲ್ವೇನಮ್ಮ ಇವತ್ತು ಆ ಮನೆ ಸಿಕ್ಕಿದ್ದು? ನಾನೇನ್ ಮಾರ್ಕೊಂಡ್ನಾ? ಧರ್ಮಕ್ಕೆ ಕೊಡ್ತಾ ಇದ್ದೀನಿ."

"ನಮ್ದನ್ನ ಧರ್ಮಕ್ಕೆ ಕೊಡಕ್ಕೆ ನೀವ್ಯಾರು?"

ಸಾಹುಕಾರರು ಅವಳನ್ನು ಕಂಡಕ್ಟರಾಗಿಯೂ ನೋಡಲಿಲ್ಲ, ಹೆಣ್ಣುಮಗಳಾಗಿಯೂ ನೋಡಲಿಲ್ಲ. ಅವಳನ್ನು ದಾಟಿ ನೇರ ಮಾದಮ್ಮನಿಗೇ ಕೇಳುವಂತೆ ಹೇಳಿದರು. "ಮೊದ್ಲು ಹೇಳೋದು, ಆಮೇಲೆ ಕೊಡೋದು. ಹೇಳ್ದಿದ್ರೆ ಕಾರ್ಯಕ್ರಮ ಕ್ಯಾನ್ಸಲ್ಲು, ಬಾವುಟ ವಾಪಸ್ ಕಪಾಟಿಗೆ. ಪಾಪ, ಅಷ್ಟು ದೂರದಿಂದ ಬಂದಿರೋ ಯಮ್ಮ ಬರೀ ಕೈಲಿ ಹೋಗ್ತಾರೆ. ಆ ಪಾಪ ನಿಂಗೇ ಕಣವ್ವ."

ಮಾದಮ್ಮ ಅವರನ್ನೇ ನೋಡಿದಳು.

ಕಲ್ಯಾಣ ಮಂಟಪದಲ್ಲಿ ಮದುವೆಗೆ ಹಾಕುವ ಕುರ್ಚಿಗಳು ತುಂಬಿದ್ದವು. ಹಿಂದಿನ ಪರದೆಯ ಮೇಲೆ ಸಿದ್ದಮಲ್ಲಪ್ಪನವರ ಆಳೆತ್ತರದ ಚಿತ್ರ, ಪಕ್ಕದಲ್ಲಿ ಬಾವುಟ. ಫೋಟೋ ಚೆನ್ನಾಗಿ ಬರಲೆಂದು ಪೆಟ್ಟಿಗೆಯನ್ನು ಮಾದಮ್ಮನ ತೊಡೆಯ ಮೇಲೆ ಇರಿಸಿದ್ದರು. ಸಾಹುಕಾರರು ಭಾಷಣ ಮಾಡಿದರು. ವೀರರು ಅಂದರು, ಶತ್ರುವಾದರೂ ವೀರನೇ ಅಂದರು, ನಂಜನಗೂಡಿನ ಹೆಸರು ಟೋಕಿಯೋದಲ್ಲಿ ಅಂದರು. ಈ ಅಮೂಲ್ಯ ವಸ್ತು ಒಂದು ಬಡ ಕುಟುಂಬದಲ್ಲಿ ಯಾರಿಗೂ ಬೆಲೆ ತಿಳಿಯದೆ ಹಾಳಾಗುತ್ತಿತ್ತು ಅಂದರು. ಚಪ್ಪಾಳೆ ಬಿತ್ತು. ಚಲುವಯ್ಯ ಎಂಬ ಹೆಸರು ಬರುತ್ತದೇನೋ ಎಂದು ಮಾದಮ್ಮ ಒಳ್ಳೆಯ ಕಿವಿಯನ್ನು ಆ ಕಡೆಗೇ ತಿರುಗಿಸಿಕೊಂಡು ಕೂತಿದ್ದಳು. ಬರಲಿಲ್ಲ.

"ಈಗ ಆ ಕುಟುಂಬದ ತಾಯಿ ಎರಡು ಮಾತು ಹೇಳ್ತಾರೆ." ಯಾರೋ ಮೈಕನ್ನು ಅವಳ ಬಾಯಿಯ ಹತ್ತಿರ ತಂದರು.

ಮಾದಮ್ಮ ಪೆಟ್ಟಿಗೆ ಎತ್ತಿಕೊಂಡು ಎದ್ದಳು. ಮೈಕಿನ ಕಡೆ ಹೋಗಲಿಲ್ಲ. ಹಿಸಾಯೊ ಕೂತಿದ್ದ ಕಡೆ ನಡೆದಳು. "ಅಲ್ಲಲ್ಲ, ಮೊದ್ಲು ಮಾತು, ಮೊದ್ಲು ಮಾತು" ಎಂದು ಸಾಹುಕಾರರು ಎರಡು ಹೆಜ್ಜೆ ಮುಂದೆ ಬಂದರು. ಕ್ಯಾಮೆರಾಗಳೆಲ್ಲ ತಿರುಗಿದ್ದರಿಂದ ಅಲ್ಲೇ ನಿಂತು ನಕ್ಕರು. ಮಾದಮ್ಮ ಪೆಟ್ಟಿಗೆಯನ್ನು ಹಿಸಾಯೊ ಕೈಯಲ್ಲಿಟ್ಟು, ಅವರ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿದಳು.

"ಕರ್ಕೊಂಡೋಗು ತಾಯಿ. ಚಲುವಯ್ಯನ ಮನೇಲಿದ್ದ ಅಂತ ಯೋಳು. ನಮ್ಮಪ್ಪನ ಎಸ್ರು ಚಲುವಯ್ಯ."

ಹಿಸಾಯೊ ಸಿಂಧುವಿನ ಮುಖ ನೋಡಿದರು, ಸಿಂಧು ಹೇಳಿದಳು. ಆಯಮ್ಮ ತೊದಲುತ್ತ ಬಾಯಿ ಬಿಟ್ಟು ಪ್ರಯತ್ನಪಟ್ಟರು. "ಚ-ರು-ವಯ್ಯ." ಆ ನಾಲಗೆಗೆ ಲ ಹೊರಳಲಿಲ್ಲ. ಇನ್ನೊಮ್ಮೆ ಅಂದರು. ಮಾದಮ್ಮ ತಿದ್ದಲಿಲ್ಲ. ಇನ್ನು ಮನೆಗೆ ಹೋದರೆ ಮಣೆಯ ಮೇಲೆ ಹರಡುವುದಕ್ಕೆ ಏನೂ ಇಲ್ಲ.

ಸಿದ್ದಮಲ್ಲಪ್ಪನವರು ಮೈಕನ್ನು ತಾವೇ ಕಿತ್ತುಕೊಂಡು ಅವಳ ಪಕ್ಕಕ್ಕೆ ಬಂದರು. ಮುಖದ ಮೇಲೆ ಕ್ಯಾಮೆರಾದ ನಗು ಹಾಗೇ ಇತ್ತು. "ಭಾವುಕರಾಗಿದ್ದಾರೆ, ಭಾವುಕರಾಗಿದ್ದಾರೆ," ಎಂದು ಸಭೆಗೆ ಹೇಳಿ, ಮೈಕನ್ನು ಅಂಗೈಯಿಂದ ಮುಚ್ಚಿ ಹಲ್ಲಿನ ಸಂದಿಯಲ್ಲಿ ಅಂದರು. "ಕೊಟ್ಟಾಯ್ತಲ್ಲ, ಈಗಾದ್ರೂ ಹೇಳು. 'ನಾನೇ ಸಂತೋಷವಾಗಿ ಕೊಟ್ಟೆ.' ಹೂಂ, ಹೇಳು."

ಅಂಗೈ ತೆಗೆದರು.

"ಯೋಳಾಕಿಲ್ಲ" ಎಂದಳು ಮಾದಮ್ಮ.